ಪೋಣಿಸಿಟ್ಟ ಹನ್ನೆರಡು ಸೂಜಿ

ಅವರ ಬಲಗೈ ನಡುಬೆರಳಿನ ತುದಿಯ ತುಂಬ ಸಣ್ಣ ಸಣ್ಣ ಕುಳಿಗಳಿದ್ದವು. ಸೂಜಿಯ ಹಿಂಬದಿ ಒತ್ತಿ ಒತ್ತಿ ಬಿದ್ದ ಕುಳಿಗಳು. ಅಲ್ಲಿನ ಚರ್ಮ ಚಪ್ಪಲಿ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿಯೊಂದನ್ನು ನಾನೇ ತಂದುಕೊಟ್ಟಿದ್ದೆ. ಒಂದು ದಿನ ಹಾಕಿಕೊಂಡು ನೋಡಿ, ಮಾರನೆಯ ಬೆಳಗ್ಗೆ ನನ್ನ ಅಂಗಡಿ ಕಟ್ಟೆಯ ಮೇಲೆ ತಂದಿಟ್ಟರು.

"ಇದನ್ನ ಹಾಕ್ಕಂಡ್ರೆ ಬಟ್ಟೆ ಎಲ್ಲಿ ದಪ್ಪ ಐತೆ, ಎಲ್ಲಿ ತೆಳ್ಳಗೈತೆ ಗೊತ್ತಾಗಲ್ಲ ಅಮ್ಮಾಯಿ. ಕಣ್ಣಂತೂ ಹೋತು, ಬೆರಳಿಗೂ ಮುಸುಕು ಹಾಕ್ಲಾ?"

ಅಮ್ಮಾಯಿ ಎಂದರೆ ತೆಲುಗಿನಲ್ಲಿ ಹುಡುಗಿ. ನನಗೆ ಆಗಲೇ ಐವತ್ತು ದಾಟಿತ್ತು, ಸೊಂಟದಲ್ಲಿ ನೋವು, ರಕ್ತದಲ್ಲಿ ಸಕ್ಕರೆ. ಹಾಗೆ ಕರೆಯುವವರು ಈ ಹಿರಿಯೂರಿನಲ್ಲಿ ಅವರೊಬ್ಬರೇ. ಅವರು ಧರ್ಮಪುರದ ಕಡೆಯವರು, ಕುರಿ ಕಾಯುವವರ ಮನೆಯ ಹೆಣ್ಣುಮಗಳು. ಅಲ್ಲಿಂದ ಆಂಧ್ರದ ಗಡಿ ಹತ್ತಿರ, ಹಾಗಾಗಿ ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಮಗಳ ಜೊತೆ ಇದ್ದರು. ಮಗಳಿಗೆ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇರಲಿಲ್ಲ.

ನನ್ನ ವಿಷಯ ಒಂದಿಷ್ಟು ಹೇಳದೆ ಅವರ ವಿಷಯ ಹೇಳಲಾಗುವುದಿಲ್ಲ. ರವಿಕೆ ಕಣಗಳ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಯಲ್ಲದಕೆರೆಯ ಬೀದಿಗಳಲ್ಲಿ ಮನೆ ಮನೆ ತಿರುಗಿ ಮಾರಿದವಳು ನಾನು. ಆಮೇಲೆ ಗಾಡಿ, ಆಮೇಲೆ ಈ ಅಂಗಡಿ. ಯಾರೂ ಕೈಹಿಡಿದು ಕಲಿಸಲಿಲ್ಲ. ನಾನಾಗಿ ಕಲಿತ ವಿದ್ಯೆ ಒಂದೇ. ಎದುರಿಗೆ ಇರುವವರು ಯಾವ ಮಾತಿಗೆ ಮೆತ್ತಗಾಗುತ್ತಾರೆ ಎಂದು ನೋಡಿಕೊಂಡು, ಸರಿಯಾಗಿ ಅಲ್ಲೇ ಬೆರಳಿಡುವುದು. ಒಬ್ಬರಿಗೆ ಅತ್ತೆಯ ಎದುರು ಮಾನ ಹೋಗುವ ಭಯ, ಇನ್ನೊಬ್ಬರಿಗೆ ಪಕ್ಕದ ಮನೆಯವಳು ಮೊದಲು ಉಟ್ಟುಬಿಟ್ಟಾಳೆಂಬ ಸಂಕಟ. ಅದನ್ನು ಹಿಡಿದರೆ ಬಟ್ಟೆ ತಾನಾಗಿ ಮಾರಾಟವಾಗುತ್ತದೆ. ಅಂಗಡಿ ಇಡುವ ಹೆಣ್ಣುಮಕ್ಕಳಿಗೆ ಈ ವಿದ್ಯೆಯನ್ನು ನಾನು ಇಷ್ಟು ವರ್ಷ ಖುಷಿಯಿಂದ ಹೇಳಿಕೊಟ್ಟಿದ್ದೇನೆ. ಈಗ ಹೇಳುವುದಿಲ್ಲ.

ದೊಡ್ಡಮ್ಮ ಕೌದಿ ಹೊಲಿಯುತ್ತಿದ್ದರು. ಹಳೇ ಹತ್ತಿ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುವ ಹೊದಿಕೆ. ಬಣ್ಣದ ತುಂಡುಗಳು ನನ್ನ ಅಂಗಡಿಯವು. ಕತ್ತರಿಸಿ ಉಳಿದ ಚೂರುಗಳನ್ನು ಒಂದು ಚೀಲಕ್ಕೆ ತುಂಬಿಡುತ್ತಿದ್ದೆ. ಅವರು ಬಂದು ಚೀಲದೊಳಗೆ ಕೈ ಹಾಕಿ, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಲ್ಲೇ ಆರಿಸುತ್ತಿದ್ದರು. "ಇದು ಪಾಲಿಸ್ಟರು, ನಿಂಗೇ ಇಟ್ಕ," ಎಂದು ವಾಪಸ್ ಹಾಕುತ್ತಿದ್ದರು. ಎಂದೂ ತಪ್ಪಿದ್ದಿಲ್ಲ.

ಅವರದು ಒಂದು ಕ್ರಮವಿತ್ತು. ಸೂಜಿಗೆ ಒಂದು ಮಾರು ದಾರ, ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು. ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ, ಗಿಡ್ಡವಾದರೆ ಕೆಲಸ ಸಾಗುವುದಿಲ್ಲ. ಆ ದಾರ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಮುಗಿದ ಮೇಲೆ ಮತ್ತೆ ಪೋಣಿಸಬೇಕು, ಅದು ಅವರ ಕೈಲಾಗುತ್ತಿರಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸೂಜಿಯ ತೂತು ಅವರಿಗೆ ಕಾಣಲಿಲ್ಲ. ಆಗ ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ದಾರ ಹಿಡಿದು, ಹಚ್ಚಿದ ಊದಿನಕಡ್ಡಿ ಹಿಡಿದವರಂತೆ ಕೈ ಮುಂದೆ ಮಾಡಿಕೊಂಡು ಬೀದಿಗೆ ಬರುತ್ತಿದ್ದರು. ಎದುರು ಬಂದ ಸೈಕಲ್ಲಿನವರು ಸೂಜಿ ನೋಡಿ ದಾರಿ ಬಿಡುತ್ತಿದ್ದರು.

ಮೊದಲ ಸೂಜಿ ಪಕ್ಕದ ಮನೆಯಲ್ಲಿ. ಎರಡನೆಯದು ಓಣಿ ತಿರುವಿನ ಹಿಟ್ಟಿನ ಗಿರಣಿಯಲ್ಲಿ. ಮೂರನೆಯದು ನನ್ನ ಅಂಗಡಿ. ಆಮೇಲೆ ಇಸ್ತ್ರಿ ಗಾಡಿ, ಚಾ ಅಂಗಡಿ, ಆಟೋ ಸ್ಟ್ಯಾಂಡು. ಒಂದು ದಿನದಲ್ಲಿ ಒಬ್ಬರ ಹತ್ತಿರ ಎರಡು ಸಲ ಹೋಗುತ್ತಿರಲಿಲ್ಲ. ಹಾಗಾಗಿ ಹೊತ್ತು ಏರಿದಂತೆ ಅವರ ದಾರಿಯೂ ಉದ್ದವಾಗುತ್ತಿತ್ತು. ದಿನಕ್ಕೆ ಆರೇಳು ಸಲ. ಕೊನೆಯ ಸೂಜಿಗೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಅಲ್ಲಿ ಹೂವು ಮಾರುವವಳಿಂದ ಪೋಣಿಸಿಕೊಂಡು ಬರುತ್ತಿದ್ದರು. ಆ ಸೂಜಿಯಲ್ಲಿ ಅಂದು ಹೊಲಿಯುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಅವರು ಸೂಜಿ ಮುಟ್ಟುವವರಲ್ಲ. ಅದು ನಾಳೆ ಬೆಳಗಿನ ಸೂಜಿ.

"ನನ್ನ ಹತ್ರಾನೇ ಬಂದ್ರೆ ಎಲ್ಲಾ ಸೂಜಿ ನಾನೇ ಪೋಣಿಸ್ಕೊಡ್ತೀನಲ್ಲ, ಅಷ್ಟು ದೂರ ಯಾಕೆ ಹೋಗ್ತೀರಿ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದ್ದೆ.

"ಒಬ್ರಿಗೇ ಮೇಲಿಂದ ಮೇಲೆ ಕಾಟ ಕೊಟ್ರೆ ಬೇಜಾರು ಮಾಡ್ಕಂತಾರೆ. ಹಂಚ್ಕಂಡು ಕೊಟ್ರೆ ಯಾರಿಗೂ ಭಾರ ಆಗಲ್ಲ. ನಾನೇನು ಕುರಿ ಮೇಯ್ಸಿದೋಳಲ್ವಾ, ಒಂದೇ ಹೊಲದಾಗೆ ದಿನಾ ಬಿಡ್ತಾರಾ?"

ಹೋದ ಕಡೆ ಒಂದು ಲೋಟ ನೀರು ಕೇಳಿ ಕುಡಿಯುವುದು ರೂಢಿ. ಪೋಣಿಸಿಕೊಟ್ಟವರು ಕುಂತ್ಕಳ್ರಿ ಅಂದರೂ ಕೂರುತ್ತಿರಲಿಲ್ಲ. ನಿಂತೇ ಎರಡು ಮಾತಾಡಿ, ಗಿರಣಿಯ ಸುದ್ದಿಯನ್ನು ನನಗೂ, ನನ್ನ ಸುದ್ದಿಯನ್ನು ಇಸ್ತ್ರಿಯವನಿಗೂ ಮುಟ್ಟಿಸಿ ಹೋಗುತ್ತಿದ್ದರು. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಗೋಡೆಗೆ ಒರಗಿ ಒಂದು ಜೊಂಪು. ಮತ್ತೆ ಸೂಜಿ.

ಒಮ್ಮೆ ನನ್ನ ಸಕ್ಕರೆ ತಪಾಸಣೆಗೆ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಬಿಪಿ, ಸಕ್ಕರೆ ಎಲ್ಲ ನೋಡಿದ ಡಾಕ್ಟರು, "ಎಪ್ಪತ್ತು ದಾಟಿದವರ ತರ ಇಲ್ಲ ಅಜ್ಜಿ ನೀವು. ದಿನಾ ವಾಕಿಂಗ್ ಮಾಡ್ತೀರಾ?" ಎಂದು ಕೇಳಿದರು.

"ಇಲ್ಲಪ್ಪ, ನಂಗೆಲ್ಲಿ ಪುರುಸೊತ್ತು. ಬೆಳಗಾದ್ರೆ ಕುಂತು ಕೌದಿ ಹೊಲೀತೀನಿ."

ಡಾಕ್ಟರೂ ನಕ್ಕರು, ನಾನೂ ನಕ್ಕೆ. ಆಟೋದಲ್ಲಿ ಬರುವಾಗ, ವಯಸ್ಸಾದ ಮೇಲೆ ಹಾಗೆ ಕೂತೇ ಇರಬಾರದು, ಬೆಳಗ್ಗೆ ಅರ್ಧ ಗಂಟೆಯಾದರೂ ನಡೆಯಬೇಕು ಎಂದು ಅವರಿಗೆ ಬುದ್ಧಿ ಹೇಳಿದೆ. ಮೂಲಂಗಿ ತಿನ್ನಿ, ಉಪ್ಪು ಕಡಿಮೆ ಮಾಡಿ ಎಂದೆಲ್ಲ ಸೇರಿಸಿದೆ. ಅವರು ತಲೆಯಾಡಿಸಿ ಕೇಳಿಕೊಂಡರು. ಆಟೋ ಇಳಿಯುತ್ತಿದ್ದ ಹಾಗೆ ಸೆರಗಿನ ತುದಿಯಿಂದ ಸೂಜಿ ತೆಗೆದು, "ತಗ, ಬಂದೀಯಲ್ಲ, ಇದಕ್ಕೆ ದಾರ ಹಾಕ್ಕೊಡು," ಅಂದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಪ್ರವಾಸಿಗರಿಗೆಂದು ಕೋಣೆಗಳನ್ನು ಕಟ್ಟಿಸುತ್ತಿದ್ದ ಹೆಂಗಸೊಬ್ಬರು ಅಂಗಡಿಗೆ ಬಂದರು. ನನ್ನ ಕುರ್ಚಿಯ ಮೇಲೆ ಹಾಸಿದ್ದ ಕೌದಿ ನೋಡಿ ಕೈಯಿಂದ ಬಿಡಲಿಲ್ಲ. ಇಂಥವೇ ಆರು ಬೇಕು, ಸಂಕ್ರಾಂತಿಯೊಳಗೆ ಕೊಡಬೇಕು ಎಂದರು. ನಾನು ಒಪ್ಪಿಕೊಂಡೆ. ದೊಡ್ಡಮ್ಮನನ್ನು ಕೇಳದೇ ಒಪ್ಪಿಕೊಂಡೆ. ಅವರ ಕೈಗೆಲಸ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ನನ್ನ ಅಂಗಡಿಗೆ ಹೊಸದೊಂದು ಮಾಲು ಸಿಕ್ಕಿತೆಂಬ ಲೆಕ್ಕಾಚಾರವೂ ಅಷ್ಟೇ ಇತ್ತು.

ಅವರ ನಡಿಗೆಯಲ್ಲಿ ಹೋದರೆ ಒಂದು ಕೌದಿಗೆ ಎರಡು ತಿಂಗಳು. ಆರು ಕೌದಿ ಹೇಗೆ ಮುಗಿಯುತ್ತದೆ? ಒಂದು ದಿನ ಪೂರ್ತಿ ನೋಡಿದೆ. ಹೊಲಿಯುವುದು ಅರ್ಧ, ಸೂಜಿ ಹಿಡಿದು ತಿರುಗುವುದು ಅರ್ಧ. ಹಾಳಾಗುತ್ತಿರುವ ಹೊತ್ತು ಕಂಡರೆ ಅದನ್ನು ಉಳಿಸಲೇಬೇಕು, ನನ್ನ ಸ್ವಭಾವವೇ ಹಾಗೆ. ಅವರ ಮಗಳನ್ನು ಕರೆದು ಹೇಳಿದೆ. "ಬೆಳಗ್ಗೆ ಕೆಲಸಕ್ಕೆ ಹೋಗೋಕ್ಕಿಂತ ಮುಂಚೆ ಹನ್ನೆರಡು ಸೂಜಿ ಪೋಣಿಸಿ ಒಂದು ದಿಂಬಿಗೆ ಚುಚ್ಚಿಟ್ಟು ಹೋಗು. ಸೂಜಿ ನಾನು ಕೊಡ್ತೀನಿ."

"ನಾನೂ ಹೇಳೀನಕ್ಕ. ಅವ್ವ ಒಪ್ಪಲ್ಲ. ನನ್ನೇನು ಕುಂಟಿ ಅನ್ಕಂಡಿದೀಯಾ ಅಂತ ಬೈತೈತೆ," ಎಂದಳು.

"ನಾನು ಒಪ್ಪಿಸ್ತೀನಿ ಬಿಡು," ಎಂದೆ.

ಒಪ್ಪಿಸುವುದು ನನಗೆ ಕಷ್ಟದ ಕೆಲಸವೇ ಅಲ್ಲ. ಅವತ್ತು ಅವರು ಸೂಜಿ ಹಿಡಿದು ಬಂದಾಗ ದಾರ ಹಾಕಿಕೊಟ್ಟು, ನೀರು ಕೊಟ್ಟು, ಮೆಲ್ಲಗೆ ಹೇಳಿದೆ. "ಇನ್ಮೇಲೆ ಮಗಳ ಹತ್ರಾನೇ ಪೋಣಿಸಿಕೊಂಡುಬಿಡ್ರಿ ದೊಡ್ಡಮ್ಮ. ಜನಕ್ಕೂ ಕೆಲಸ ಇರ್ತಾವೆ. ಪಾಪ, ಬೇಜಾರು ಮಾಡ್ಕಂತಾರೆ."

ಲೋಟ ಬಾಯಿ ಹತ್ತಿರವೇ ನಿಂತಿತು. "ಯಾರಾದ್ರೂ ಏನಾರ ಅಂದ್ರಾ?"

ಯಾರೂ ಏನೂ ಅಂದಿರಲಿಲ್ಲ. "ಯಾರೋ ಒಬ್ರು ಅಂದ್ರು. ಹೋಗ್ಲಿ ಬಿಡ್ರಿ," ಎಂದೆ.

"ಗಿರಣಿಯವನಾ?"

"ಹೆಸರು ಯಾಕೆ ಬಿಡ್ರಿ."

"ಆಟೋದ ಹುಡುಗ್ರಾ? ಹೂವಿನಾಕೀನಾ?"

ನಾನು ಯಾವುದೋ ಬಟ್ಟೆ ಮಡಚತೊಡಗಿದೆ. ಅವರು ಲೋಟವನ್ನು ಕೆಳಗಿಟ್ಟರು. ನೀರು ಪೂರ್ತಿ ಕುಡಿದಿರಲಿಲ್ಲ. "ಗೊತ್ತಾಗ್ಲಿಲ್ಲ ನೋಡು ನಂಗೆ. ನಕ್ಕಂತಾನೇ ಹಾಕ್ಕೊಡ್ತಿದ್ರು," ಅಂದರು. ಆಮೇಲೆ ಸೂಜಿಯನ್ನು ಮುಂದೆ ಹಿಡಿಯದೆ, ಅಂಗೈಯಲ್ಲಿ ಮುಚ್ಚಿಕೊಂಡು ಓಣಿಯ ಕಡೆ ಹೋದರು.

ಇಂಥವರು ಅಂದರು ಎಂದು ಒಂದು ಹೆಸರು ಹೇಳಿದ್ದರೂ ಒಂದು ಬಾಗಿಲು ಮಾತ್ರ ಮುಚ್ಚುತ್ತಿತ್ತು. ಹೆಸರು ಹೇಳದೆ ನಾನು ಊರಿನ ಎಲ್ಲ ಬಾಗಿಲುಗಳನ್ನೂ ಮುಚ್ಚಿದೆ. ಇದು ನನಗೆ ಆವತ್ತು ಹೊಳೆಯಲಿಲ್ಲ. ವ್ಯಾಪಾರ ಕುದುರಿತು ಎಂದಷ್ಟೇ ಅನ್ನಿಸಿತು.

ಮಾರನೆಯ ದಿನದಿಂದ ಹನ್ನೆರಡು ಸೂಜಿಗಳು ಕೆಂಪು ದಿಂಬಿನ ಮೇಲೆ ಸಾಲಾಗಿ ನಿಂತವು. ಹನ್ನೆರಡು ಬಿಳಿ ದಾರಗಳು ಇಳಿಬಿದ್ದಿದ್ದವು. ದೊಡ್ಡಮ್ಮ ಗೋಡೆಗೆ ಒರಗಿ, ಕಾಲು ಮಡಚಿ, ಒಂದಾದ ಮೇಲೊಂದು ಸೂಜಿ ಕೀಳುತ್ತ ಬೆಳಗಿನಿಂದ ಸಂಜೆಯವರೆಗೆ ಹೊಲಿದರು. ಮೊದಲ ಕೌದಿ ಒಂದು ತಿಂಗಳೊಳಗೆ ಮುಗಿಯಿತು. ಎರಡನೆಯದು ಇನ್ನೂ ಬೇಗ. ನಾನು ದಿನಾ ಹೋಗಿ ನೋಡಿ ಹೊಗಳಿ ಬರುತ್ತಿದ್ದೆ. ಹೊಗಳಿದರೆ ಅವರ ಮುಖದಲ್ಲಿ ಮೊದಲಿನ ತುಂಟತನ ಬರುತ್ತಿರಲಿಲ್ಲ. ಚೂರುಗಳನ್ನು ಆರಿಸಲು ಅಂಗಡಿಗೂ ಬರುತ್ತಿರಲಿಲ್ಲ. ನಾನೇ ಚೀಲ ಒಯ್ದು ಕೊಡುತ್ತಿದ್ದೆ. ಒಂದು ಸಲ ಪಾಲಿಸ್ಟರ್ ತುಂಡೊಂದು ಹೊಲಿಗೆಯೊಳಗೆ ಸೇರಿದ್ದು ಕಂಡೆ. ಹೇಳಲಿಲ್ಲ.

"ಗಿರಣಿ ಇನ್ನೂ ಅಲ್ಲೇ ಐತಾ?" ಎಂದು ಒಂದು ದಿನ ಕೇಳಿದರು. ಅವರ ಮನೆಯಿಂದ ಗಿರಣಿಗೆ ನೂರು ಹೆಜ್ಜೆಯೂ ಇಲ್ಲ.

ಕಾಲು ಊದಲು ಶುರುವಾದದ್ದು ಮೂರನೆಯ ಕೌದಿಯಲ್ಲಿ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಹಸಿವಿಲ್ಲ. ಮುದ್ದೆ ಅರ್ಧಕ್ಕೆ ನಿಲ್ಲುತ್ತಿತ್ತು. ಪಕ್ಕದಲ್ಲಿ ತಂಬಿಗೆ ನೀರು ಇಟ್ಟು ಹೋದರೆ ಸಂಜೆಗೆ ಮಗಳು ಬರುವ ಹೊತ್ತಿಗೂ ಅದು ತುಂಬಿಯೇ ಇರುತ್ತಿತ್ತು. ನಾನು ಉಪ್ಪು ಬಿಡಿಸಿದೆ. ಎಣ್ಣೆ ತಂದುಕೊಟ್ಟೆ. ಬೆಳಗ್ಗೆ ಎದ್ದು ವಾಕಿಂಗ್ ಹೋಗಾಣ ಬರ್ರಿ ಎಂದು ಕರೆದೆ.

"ಸುಮ್ಮನೆ ಎಲ್ಲಿಗೆ ಹೋಗಾದು? ಏನು ಕೆಲ್ಸ ಅಂತ ಹೋಗ್ಲಿ ಬೀದಿಗೆ? ನೋಡಿದೋರು ಮತ್ತೆ ಬಂತು ಮುದುಕಿ ಅನ್ನಲ್ವಾ?" ಅಂದರು.

ಆಗಲಾದರೂ ನಾನು ಹೇಳಬಹುದಿತ್ತು. ನಾನು ಸುಳ್ಳು ಹೇಳಿದೆ ದೊಡ್ಡಮ್ಮ, ಯಾರೂ ಏನೂ ಅನ್ನಲಿಲ್ಲ ಎಂದು ಒಂದೇ ಮಾತು. ಬಾಯಿಗೆ ಬಂತು. ಆದರೆ ಇನ್ನೂ ಮೂರು ಕೌದಿ ಬಾಕಿ ಇದ್ದವು. ಇವು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ನಾಲ್ಕನೆಯದು ಮುಗಿದು ಐದನೆಯದು ಅರ್ಧವಾಗಿತ್ತು. ಒಂದು ಮಧ್ಯಾಹ್ನ ಎದ್ದು ಒಳಗೆ ಹೋಗಲು ನೋಡಿದ್ದಾರೆ. ಜೋಮು ಹಿಡಿದ ಕಾಲು ನೆಲಕ್ಕೆ ನಿಲ್ಲಲಿಲ್ಲ. ಬಿದ್ದು ಸೊಂಟದ ಮೂಳೆ ಮುರಿಯಿತು. ಮಗಳು ಬರುವವರೆಗೆ ಕೌದಿಯ ಮೇಲೆ ಹಾಗೇ ಬಿದ್ದಿದ್ದರು. ಯಾರನ್ನೂ ಕೂಗಿರಲಿಲ್ಲ. ಪಕ್ಕದ ಮನೆಯವರು ಒಳಗೇ ಇದ್ದರು. ಒಂದು ಕೂಗಿಗೆ ಓಡಿ ಬರುತ್ತಿದ್ದರು. "ಯಾಕವ್ವ ಕೂಗ್ಲಿಲ್ಲ?" ಎಂದು ಮಗಳು ಅತ್ತಾಗ, "ಅವರಿಗ್ಯಾಕೆ ಸುಮ್ನೆ ತೊಂದ್ರೆ," ಎಂದರಂತೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಹಳೆಯ ಚೀಟಿ ತೆಗೆದು ನೋಡಿದರು. ಸಕ್ಕರೆ ಏರಿತ್ತು, ಬಿಪಿ ಏರಿತ್ತು, ಕಾಲಿನ ಮಾಂಸ ಕರಗಿತ್ತು. "ಆವಾಗ ಅಷ್ಟು ಚೆನ್ನಾಗಿದ್ರು. ನಡೆಯೋದು ಯಾಕೆ ನಿಲ್ಲಿಸಿದ್ರು?" ಎಂದರು.

"ಅವ್ವ ಯಾವತ್ತೂ ವಾಕಿಂಗ್ ಹೋದೋಳೇ ಅಲ್ಲ ಸಾರ್," ಎಂದಳು ಮಗಳು.

ಆಗ ನನಗೆ ತಿಳಿಯಿತು. ಆಸ್ಪತ್ರೆಯ ಆ ಬೆಂಚಿನ ಮೇಲೆ ಕುಳಿತು ಪಕ್ಕದ ಮನೆ, ಗಿರಣಿ, ನನ್ನ ಅಂಗಡಿ, ಇಸ್ತ್ರಿ ಗಾಡಿ, ಚಾ ಅಂಗಡಿ, ಆಟೋ ಸ್ಟ್ಯಾಂಡು, ಬಸ್ ಸ್ಟ್ಯಾಂಡಿನ ಹೂವು ಎಂದು ಮನಸ್ಸಿನಲ್ಲೇ ಅವರ ದಾರಿ ನಡೆದೆ. ಹೋಗುವುದು, ಬರುವುದು, ಮತ್ತೆ ಹೋಗುವುದು. ಒಂದೊಂದು ಕಡೆ ಒಂದೊಂದು ಲೋಟ ನೀರು. ಹಾಳಾಗುತ್ತಿದೆ ಎಂದು ನಾನು ಉಳಿಸಿಕೊಟ್ಟ ಹೊತ್ತಿನಲ್ಲೇ ಅವರ ಆಯಸ್ಸು ಇತ್ತು. ಅದನ್ನು ಕತ್ತರಿಸಿ ತೆಗೆದು, ಉಪ್ಪು ಕಡಿಮೆ ಮಾಡಿ ಎಂದು ಬುದ್ಧಿ ಹೇಳುತ್ತಿದ್ದೆ.

ಮನೆಗೆ ಕರೆತಂದ ಮೇಲೆ ಅವರು ಮಂಚ ಬಿಟ್ಟು ಏಳಲಿಲ್ಲ. ಆರು ಕೌದಿ ಆಗುವುದಿಲ್ಲ ಎಂದು ಕೋಣೆ ಕಟ್ಟಿಸುತ್ತಿದ್ದ ಆ ಹೆಂಗಸಿಗೆ ಹೇಳಿ ಕಳಿಸಿದೆ. ಅವರೇನೂ ಬೇಸರಿಸಲಿಲ್ಲ. ಬೇರೆ ಯಾವುದೋ ರಗ್ಗು ಆಗಲೇ ತರಿಸಿದ್ದೇವೆ ಎಂದರು. ಅಷ್ಟೇ ಆಗಿತ್ತು ಅದರ ಅವಸರ.

ಸಾಯುವುದಕ್ಕೆ ಹತ್ತು ದಿನ ಮುಂಚೆ ಅವರ ಮಂಚದ ಹತ್ತಿರ ಕೂತಿದ್ದೆ. ಏನಾದರೂ ಒಳ್ಳೆಯದು ಹೇಳಬೇಕೆಂದು, "ಗಿರಣಿಯವರು ನಿಮ್ಮನ್ನ ಕೇಳ್ತಿದ್ರು ದೊಡ್ಡಮ್ಮ. ಸೂಜಿ ತಗೊಂಡು ಬರ್ಲಿ ಅಂತಿದ್ರು," ಎಂದೆ. ಈ ಸಲ ಹೇಳಿದ್ದು ನಿಜವೇ.

ಅವರು ನನ್ನ ಮುಖವನ್ನೇ ನೋಡಿದರು. "ಈಗ ಬೇಜಾರಿಲ್ವಂತಾ ಅವರಿಗೆ?"

ಇಡೀ ಜೀವನ ಮಾತು ಮಾರಿ ಬದುಕಿದವಳು ನಾನು, ಅವರ ಕಾಲ ಮೇಲಿನ ಕೌದಿ ಸರಿಮಾಡತೊಡಗಿದೆ. ಅವರು ಗೋಡೆಯ ಕಡೆ ಹೊರಳಲು ನೋಡಿದರು, ಸೊಂಟ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡರು. ಕೌದಿಯ ಅಂಚಿನ ಮೇಲೆ ಆ ಕುಳಿಬಿದ್ದ ಬೆರಳು ಸುಮ್ಮನೆ ಆಡುತ್ತಿತ್ತು.

ಅವರು ಹೋದ ದಿನ ಓಣಿ ತುಂಬ ಜನ. ಇಷ್ಟು ಜನ ಬಂದಾರೆಂದು ಮಗಳೂ ಅಂದುಕೊಂಡಿರಲಿಲ್ಲ. ಇಸ್ತ್ರಿಯವನು ಗಾಡಿ ನಿಲ್ಲಿಸಿ ಬಂದಿದ್ದ. ಹೂವಿನಾಕೆ ಬುಟ್ಟಿಯಲ್ಲಿದ್ದ ಹೂವನ್ನೆಲ್ಲ ತಂದು ಸುರಿದಳು. ಗಿರಣಿಯವರು ಹಿಟ್ಟಿನ ಮೈಯಲ್ಲೇ ನಿಂತಿದ್ದರು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅಜ್ಜಿ ಯಾಕಕ್ಕ ಬರಾದೇ ಬಿಟ್ಬಿಡ್ತು? ನಾವೇನಾರ ಅಂದ್ವಾ ಅಂತ ನಮ್ಮಾಕೆ ದಿನಾ ಕೊರಗ್ತಾಳೆ. ಹಿಟ್ಟು ಕೊಡೋ ಗದ್ಲದಾಗೆ ಒಂದು ಸಲ ತಡೀರಿ ಅಂದಿದ್ದೆ. ಅದಕ್ಕೇನಾದ್ರೂ..."

ಆಟೋದವರಲ್ಲಿ ಹಿರಿಯನೊಬ್ಬ ಮಾತು ಸೇರಿಸಿದ. "ನಮ್ ಸ್ಟ್ಯಾಂಡಿನಾಗೆ ಪಾಳಿ ಹಚ್ಚಿದ್ವಿ ಅಕ್ಕ. ಇವತ್ತು ಅಜ್ಜಿ ಸೂಜಿ ನಿಂದು, ನಾಳೆ ನಂದು ಅಂತ. ದಾರ ಹಾಕ್ಕೊಟ್ಟೋನಿಗೆ ಅವತ್ತು ಗಿರಾಕಿ ಚೆನ್ನಾಗಿ ಸಿಗ್ತವೆ ಅಂತ ಹುಡುಗ್ರು ಜಗಳಾಡ್ತಿದ್ರು."

ನಾನು ಅವರ ಮುಖ ನೋಡಲಾರದೆ, "ವಯಸ್ಸಾಗಿತ್ತಲ್ಲ," ಎಂದೆ. ಅದೂ ಒಂದು ಸುಳ್ಳು.

ಓದುವವರಿಗೆ ಹೇಳುವುದು ಇಷ್ಟೇ. ನಿಮ್ಮ ಮನೆಯಲ್ಲಿ ವಯಸ್ಸಾದವರು ಕೈಗೆಲಸ ಇಟ್ಟುಕೊಂಡಿದ್ದರೆ ಬೇಗ ಮುಗಿಸಿ ಎನ್ನಬೇಡಿ. ಸುಲಭ ಮಾಡಿಕೊಡಲೂ ಹೋಗಬೇಡಿ. ಅವರು ಎಲ್ಲಿ ಏಳುತ್ತಾರೆ, ಯಾರ ಹತ್ತಿರ ಹೋಗುತ್ತಾರೆ, ಏನು ಕೇಳಿ ಕುಡಿಯುತ್ತಾರೆ ಎಂದು ಮೊದಲು ನೋಡಿ. ಇದನ್ನು ಬರೆಯುವಾಗಲೂ ನನಗೆ ನಾಚಿಕೆ. ಬುದ್ಧಿ ಹೇಳುವ ಚಟ ಅವರನ್ನು ಕಳೆದುಕೊಂಡ ಮೇಲೂ ನನ್ನನ್ನು ಬಿಟ್ಟಿಲ್ಲ.

ಅರ್ಧವಾದ ಐದನೆಯ ಕೌದಿಯನ್ನು ಮಗಳು ನನಗೇ ಕೊಟ್ಟಳು. "ನಿಮ್ ಮಾತು ಅಂದ್ರೆ ಅವ್ವಂಗೆ ಭಾಳ ನಂಬಿಕೆ ಇತ್ತಕ್ಕ, ನೀವೇ ಇಟ್ಕಳ್ರಿ," ಎಂದಳು. ಜೊತೆಗೆ ಆ ಕೆಂಪು ದಿಂಬು. ಅವರು ಬಿದ್ದ ದಿನ ಐದು ಸೂಜಿಗಳ ದಾರ ಮುಗಿದಿತ್ತು, ಏಳು ಹಾಗೇ ಇವೆ. ಆ ಏಳನ್ನು ನಾನು ಮುಟ್ಟುವುದಿಲ್ಲ. ಖಾಲಿ ಸೂಜಿಯೊಂದನ್ನು ತೆಗೆದುಕೊಂಡು, ಒಂದು ಮಾರು ದಾರ ಕತ್ತರಿಸಿ, ಪೋಣಿಸಲು ನೋಡುತ್ತೇನೆ. ನನಗೂ ಈಗ ತೂತು ಕಾಣುವುದಿಲ್ಲ. ಸೊಸೆ ಒಳಗಿನಿಂದ, "ಕೊಡಿ ಅತ್ತೆ, ನಾಲ್ಕೈದು ಒಟ್ಟಿಗೇ ಪೋಣಿಸಿಟ್ಟುಬಿಡ್ತೀನಿ," ಎನ್ನುತ್ತಾಳೆ. ಬೇಡ ಎನ್ನುತ್ತೇನೆ.

ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ದಾರ ಹಿಡಿದು ಅಂಗಡಿಯ ಮೆಟ್ಟಿಲವರೆಗೆ ಬರುತ್ತೇನೆ. ಗಿರಣಿ ಅಲ್ಲೇ ಇದೆ. ಗಿರಣಿಯವರು ನನ್ನನ್ನು ಕಂಡು, ಬರ್ರಿ ಅಕ್ಕ ಎಂದು ಕೈ ಮಾಡುತ್ತಾರೆ. ಹೋದರೆ ನಗುತ್ತ ದಾರ ಹಾಕಿಕೊಡುತ್ತಾರೆ, ನನಗೆ ಗೊತ್ತು. ಹಾಕಿಕೊಡುತ್ತಲೇ ಮತ್ತೆ ಕೇಳುತ್ತಾರೆ, ಅಜ್ಜಿ ಯಾಕೆ ಬರುವುದು ಬಿಟ್ಟಿತು ಎಂದು.

ಸೂಜಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಬರುತ್ತೇನೆ.